ಹೇಳಿದವರು ಎಲ್ಲಿ ನಿಂತಿದ್ದರು

ಕಪ್ಪು ಹಲಗೆಯ ಮೇಲೆ ಮೂರು ಮನೆ ಎಳೆದುಕೊಂಡೇ ಕಾದಂಬರಿಯ ಪಾಠ ಶುರು ಮಾಡುವುದು ನನ್ನ ರೂಢಿ. ಮೊದಲನೇ ಮನೆಯಲ್ಲಿ ಪಾತ್ರ ಮಾಡಿದ್ದು, ಎರಡನೆಯದರಲ್ಲಿ ಪಾತ್ರ ತನ್ನ ಬಾಯಿಂದ ಆಡಿದ್ದು, ಮೂರನೆಯದರಲ್ಲಿ ಆ ಪಾತ್ರದ ಬಗ್ಗೆ ಉಳಿದವರು ಆಡಿಕೊಂಡಿದ್ದು. ಪ್ರತಿ ಮಾತಿನ ಮುಂದೆ ಪುಟದ ಸಂಖ್ಯೆ. ಪುಟ ಇಲ್ಲದ ಮಾತಿಗೆ ಹಲಗೆಯ ಮೇಲೆ ಜಾಗವಿಲ್ಲ. ಒಬ್ಬಳು ಕಳ್ಳಿ ಎನ್ನಬೇಕಾದರೆ ಕನಿಷ್ಠ ಮೂರು ಪುಟಗಳು ಹಾಗೆ ಹೇಳಬೇಕು. ಅದರಲ್ಲಿ ಒಂದಾದರೂ ಮೊದಲನೇ ಮನೆಯದಾಗಿರಬೇಕು. ಮೂರನೇ ಮನೆ ಯಾವಾಗಲೂ ಬೇಗ ತುಂಬುತ್ತದೆ, ಅದಕ್ಕೇ ಅದಕ್ಕೆ ಬೆಲೆ ಕಡಿಮೆ. ಇಷ್ಟೇ ನನ್ನ ವಿದ್ಯೆ.

ನಾನು ಕಾಲೇಜಿನಲ್ಲಿದ್ದಾಗ ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡಕ್ಕೂ ಪಾರಿತೋಷಕ ತಂದವಳು. ಹಾಗೆ ಬೆಳೆದವರಿಗೆ ಯಾರ ಮಾತಿನ ಮೇಲೂ ಸುಲಭವಾಗಿ ನಂಬಿಕೆ ಹುಟ್ಟುವುದಿಲ್ಲ. ಇದು ರೋಗ ಎನ್ನುವವರಿದ್ದಾರೆ. ನಾನು ಅದನ್ನು ಆರೋಗ್ಯ ಎಂದೇ ತಿಳಿದಿದ್ದೇನೆ. ಹುಬ್ಬಳ್ಳಿ ಧಾರವಾಡದ ನಡುವಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ, ಬಿ.ಎ. ಎರಡನೇ ವರ್ಷದ ಮಕ್ಕಳಿಗೆ ಈ ಆರೋಗ್ಯವನ್ನು ಅಂಟಿಸಬೇಕೆಂದು ಹಟ ಹಿಡಿದೆ.

ನಮ್ಮ ವಿಭಾಗದ ಹಿರಿಯರಿಗೆ ಇದು ಸೇರುತ್ತಿರಲಿಲ್ಲ. ಅವರು ಧಾರವಾಡದ ಹಳೆಯ ಮನೆತನದವರು. ಮೆತ್ತಗೆ ಮಾತಾಡುವವರು, ಮೆತ್ತಗೇ ಚುಚ್ಚುವವರು.

“ತಂಗೀ, ಪರೀಕ್ಷಾದಾಗ ಏನು ಕೇಳ್ತಾರ? ‘ಸ್ವಭಾವ ಚಿತ್ರಿಸಿರಿ’ ಅಂತ ಕೇಳ್ತಾರ. ಐದು ಒಳ್ಳೆ ಗುಣ, ಎರಡು ಕೆಟ್ಟ ಗುಣ, ಕಡೀಕ ಒಂದು ‘ಒಟ್ಟಿನಲ್ಲಿ’. ಮುಗೀತು. ನೀ ಯಾಕ ಹುಡುಗರನ್ನ ವಕೀಲರನ್ನ ಮಾಡ್ಲಿಕ್ಕೆ ಹೊಂಟೀದಿ?”

“ವಕೀಲರಾದ್ರ ತಪ್ಪೇನೈತ್ರಿ ಸರ್? ಪೊಲೀಸರಾಗಬಾರದು, ಅಷ್ಟ.”

“ಪೊಲೀಸರಾಗೋದು ಎರಡನೇ ತಿಂಗಳದಾಗ ಆಗ್ತದ,” ಎಂದು ಅವರು ಚಹಾದ ಕಪ್ಪು ಎತ್ತಿಕೊಂಡರು.

ಆ ವರ್ಷ ಪಠ್ಯಕ್ಕಿದ್ದ ಕಾದಂಬರಿಯಲ್ಲಿ ಒಂದು ದೊಡ್ಡ ಮನೆ, ಆ ಮನೆಯಲ್ಲಿ ಒಬ್ಬಳು ಅಡುಗೆಯಾಕೆ. ಮನೆಯ ಹಿರಿಯಾಕೆ ಟ್ರಂಕಿನಲ್ಲಿಟ್ಟ ಬಂಗಾರದ ಸರ ಕಾಣೆಯಾಗುತ್ತದೆ. ಅಡುಗೆಯಾಕೆಯೇ ಕದ್ದಳೆಂದು ಮನೆಯ ದೊಡ್ಡ ಮಗ ಪಂಚರ ಮುಂದೆ ಹೇಳುತ್ತಾನೆ. ಅವಳು ಒಂದು ಮಾತೂ ಆಡದೆ ಹಿತ್ತಲ ಬಾಗಿಲಿನಿಂದ ಹೊರಟು ಹೋಗುತ್ತಾಳೆ. ಎಲ್ಲಿಗೆ ಹೋದಳೆಂದು ಕಾದಂಬರಿ ಕೊನೆಯವರೆಗೂ ಹೇಳುವುದಿಲ್ಲ.

ಮಕ್ಕಳಿಗೆ ಮೂರು ಮನೆಯ ಆಟ ಹಿಡಿಸಿತು. ನಾನು ಒಳಗೆ ಕಾಲಿಡುವ ಮೊದಲೇ ಯಾರಾದರೂ ಕೂಗುತ್ತಿದ್ದರು: “ಇವತ್ತ ಯಾರ್ರಿ ಮೇಡಂ?” ಯಾವ ಪಾತ್ರವನ್ನು ಹಲಗೆಗೆ ಏರಿಸುತ್ತೀರಿ ಎಂದು ಅರ್ಥ. ಒಬ್ಬರು ಏನಾದರೂ ಅಂದರೆ ಇಡೀ ವರ್ಗ “ಪುಟ ಹೇಳಪಾ, ಪುಟ” ಎನ್ನುತ್ತಿತ್ತು. ಎಲ್ಲರಿಗಿಂತ ಚುರುಕಾಗಿದ್ದವಳು ಗೋಕುಲ ರಸ್ತೆಯಲ್ಲಿ ಮನೆಯಿದ್ದ ಒಬ್ಬ ವ್ಯಾಪಾರಿಯ ಮಗಳು. ಅವಳನ್ನು ನಾನೇ ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದೆ. ಎದುರಾಳಿಯ ಮಾತು ಮುಗಿಯುವ ಮೊದಲೇ ಅದರಲ್ಲಿನ ಬಿರುಕು ಅವಳಿಗೆ ಕಾಣುತ್ತಿತ್ತು. ಅವಳ ಪಕ್ಕದಲ್ಲಿ, ಕಿಟಕಿಗೆ ಅಂಟಿ ಕೂರುತ್ತಿದ್ದವಳು ಅವಳ ಗೆಳತಿ. ಸದಾ ನಗುತ್ತಿದ್ದ, ಬೆಳಿಗ್ಗೆ ಹನಿ ಬಿದ್ದರೂ ಬೀಳದಿದ್ದರೂ ಹಸಿರು ಛತ್ರಿ ತರುತ್ತಿದ್ದ ಹುಡುಗಿ. ಕೊನೆಯ ಬೆಂಚಿನಲ್ಲಿ ಮುಗದ ಎಂಬ ಹಳ್ಳಿಯಿಂದ ದಿನಾ ಬಂದು ಹೋಗುವ ರೈತರ ಹುಡುಗಿ. ಆಕೆ ಮಾತಾಡುವುದು ಕಡಿಮೆ. ಆದರೆ ಪುಸ್ತಕ ಓದುವಾಗ ಅವಳ ಬೆರಳು ಸಾಲಿನಿಂದ ಸಾಲಿಗೆ ಸರಿಯುವುದನ್ನು ನೋಡಿದರೆ, ಏನನ್ನೋ ಬಿಡಿಸುತ್ತಿದ್ದಾಳೆ ಅನ್ನಿಸುತ್ತಿತ್ತು.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ವರ್ಗದಲ್ಲಿ ಅರ್ಧ ಜನ ಇರಲಿಲ್ಲ. ಗೋಕುಲ ರಸ್ತೆಯ ಹುಡುಗಿ ಬೆಳಿಗ್ಗೆಯೇ ಮೆಸೇಜು ಹಾಕಿದ್ದಳು: ಅಮಾಸಿ, ಮಾರ್ಕೆಟಿನಲ್ಲಿ ಅಂಗಡಿ ಪೂಜೆ, ಬರುವುದಿಲ್ಲ. ಮುಗದದ ಹುಡುಗಿ ಬಂದಿದ್ದಳು. ನಸುಕಿನಲ್ಲೇ ಎತ್ತು ಮಾಡಿಟ್ಟು ಬಂದಿದ್ದಕ್ಕೋ ಏನೋ ಅವಳ ಉಗುರಿನ ಸಂದಿಯಲ್ಲಿ ಕರಿಮಣ್ಣು ಇತ್ತು. ಅವತ್ತು ಅವಳು ತಾನಾಗಿಯೇ ಎದ್ದು ನಿಂತಳು.

“ಮೇಡಂ, ದೊಡ್ಡ ಮಗ ಪಂಚರ ಮುಂದ ‘ಕೆಂಪು ಅರಿವ್ಯಾಗ ಸುತ್ತಿದ್ದ ಸರ’ ಅಂತಾನ್ರಿ. ಆದ್ರ ಅವರವ್ವ ಬಾಗಲಾ ಹಾಕ್ಕೊಂಡು, ಒಬ್ಬಾಕೀನ ಕುಂತು ಸುತ್ತಿದ್ದು. ಯಾರಿಗೂ ತೋರಿಸಿಲ್ಲ. ಹಂಗಾರ ಇವಗ ಅರಿವಿ ಬಣ್ಣ ಹೆಂಗ ಗೊತ್ತಾತ್ರಿ?”

ಎರಡೂ ಪುಟಗಳನ್ನು ಹೇಳಿದಳು. ನಾವೆಲ್ಲ ತೆರೆದು ನೋಡಿದೆವು. ಇತ್ತು. ನಾನು ಮೂರು ಮನೆಗಳ ಕೆಳಗೆ ದೊಡ್ಡದಾಗಿ ಒಂದು ಪ್ರಶ್ನೆ ಬರೆದೆ: ಹೇಳಿದವರು ಎಲ್ಲಿ ನಿಂತಿದ್ದರು?

“ಅಂದ್ರ ಅವನ ಕಳ್ಳ,” ಎಂದ ಮುಂದಿನ ಬೆಂಚಿನ ಒಬ್ಬ.

“ಒಂದ ಜಾಗಾದಾಗ ಸಿಕ್ಕಾನ,” ಎಂದೆ. “ಅವ್ವನ ಯಾವಾಗರ ಹೇಳಿರಬಹುದು. ಇನ್ನೆರಡು ಪುಟ ತಾ, ಆಮ್ಯಾಲೆ ಕಳ್ಳ ಅನ್ನು.”

ಕಿಟಕಿ ಪಕ್ಕದ ಹುಡುಗಿ ನಕ್ಕಳು. ಆ ವರ್ಗದಲ್ಲಿ ಅವಳು ನಕ್ಕಿದ್ದು ಅದೇ ಕೊನೆ.

ಮರುದಿನ ಪಾಠದ ನಡುವೆ ಜವಾನ ಬಂದು ಅವಳನ್ನು ಕರೆದ. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಅವಳ ಕಾಕಾ, ಮಾರ್ಕೆಟಿನಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟವರು, ಬೈಕಿನ ಮೇಲೆ ಕೂತೇ ಇದ್ದರು. ಇಳಿಯಲಿಲ್ಲ, ಹಾರ್ನು ಹೊಡೆಯಲಿಲ್ಲ, ಇಂಜಿನ್ನು ಬಂದ್ ಮಾಡಲಿಲ್ಲ. ಅವಳು ಹೋಗಿ ಹಿಂದೆ ಕೂತಳು. ಬೈಕು ಧಾರವಾಡದ ಕಡೆಗೆ ತಿರುಗಲಿಲ್ಲ, ಹುಬ್ಬಳ್ಳಿಯ ಕಡೆಗೂ ತಿರುಗಲಿಲ್ಲ. ಎದುರಿನ ಒಳರಸ್ತೆಯಲ್ಲಿ ಇಳಿದು ಹೋಯಿತು. ಹಸಿರು ಛತ್ರಿ ಕಿಟಕಿಯ ಸರಳಿಗೆ ನೇತು ಹಾಕಿದಲ್ಲೇ ಉಳಿಯಿತು.

ಸಂಜೆಯೊಳಗೆ ಕಾರಣ ಎಲ್ಲರ ಬಾಯಲ್ಲಿತ್ತು. ಅವಳು ಬೇರೆ ಜಾತಿಯ ಹುಡುಗನೊಬ್ಬನ ಜೊತೆ ಉಣಕಲ್ ಕೆರೆಯ ದಂಡೆಯ ಮೇಲೆ ಕೂರುತ್ತಿದ್ದಳು. ಯಾರೋ ಕಾಕಾನಿಗೆ ಹೇಳಿದ್ದರು. ಅವಳ ಫೋನು ಬಂದ್ ಆಗಿತ್ತು. ಬೆಳಗಾವಿ ಕಡೆ ಸೋದರತ್ತಿ ಮನೆಯಲ್ಲಿ ಇಟ್ಟಿದ್ದಾರಂತೆ, ಲಗ್ನ ಗಟ್ಟಿಯಾಗಿದೆಯಂತೆ, ಇಲ್ಲ, ಇಲ್ಲೇ ಮಾಳಿಗೆಯ ಮೇಲೆ ಇದ್ದಾಳಂತೆ. ಎಲ್ಲವೂ ಮೂರನೇ ಮನೆ.

ನಾನು ಕಾಲೇಜಿನ ದಾಖಲೆಯಲ್ಲಿದ್ದ ಅವಳ ಮನೆಯ ನಂಬರಿಗೆ ಫೋನು ಹಚ್ಚಿದೆ. ಗಂಡಸಿನ ದನಿ ಎತ್ತಿಕೊಂಡಿತು.

“ಆಕಿಗೆ ಆರಾಮಿಲ್ಲ. ನೀವು ಯಾರು?”

“ಆಕಿ ಟೀಚರ್ ರೀ.”

“ಏನ್ ಕಲಸ್ತೀರಿ?”

“ಕಾದಂಬರಿ.”

ಆ ಕಡೆ ಎಲ್ಲೋ ಹಿಂದೆ ಯಾರೋ ಪಾತ್ರೆ ತೊಳೆಯುವ ಸಪ್ಪಳ ನಿಂತಿತು. “ಇನ್ ಮ್ಯಾಲೆ ಈ ನಂಬರಿಗೆ ಹಚ್ಚಬ್ಯಾಡ್ರಿ,” ಎಂದಿತು ದನಿ, ಗೌರವದಿಂದಲೇ.

ಹಿರಿಯರಿಗೆ ಹೇಳಿದೆ. ಅವರು ಪ್ರಾಚಾರ್ಯರ ಕೋಣೆಗೆ ಹೋಗಿ ಬಂದು, “ಮನಿಯವರು ರಜಾ ಕೇಳ್ಯಾರ, ಕೊಟ್ಟಾರ. ನಮ್ಮ ಕೈ ಅಲ್ಲಿಗೆ ಮುಗೀತದ,” ಎಂದರು. ಆಮೇಲೆ ದನಿ ತಗ್ಗಿಸಿ, “ತಂಗೀ, ನಿನ್ನ ವರ್ಗದಾಗ ಗದ್ದಲ ಭಾಳ ಕಡಿಮಿ ಆಗೇದ. ಲಕ್ಷ್ಯ ಕೊಟ್ಟೀಯಿಲ್ಲೋ?” ಎಂದರು.

ಕೊಟ್ಟಿದ್ದೆ. “ಇವತ್ತ ಯಾರ್ರಿ ಮೇಡಂ” ಎನ್ನುವ ಕೂಗು ನಿಂತಿತ್ತು. ನಾನು ಒಳಗೆ ಹೋದರೆ ಮಾತು ಕತ್ತರಿಸಿದಂತೆ ನಿಲ್ಲುತ್ತಿತ್ತು. ಕೊನೆಯ ಬೆಂಚಿನಲ್ಲಿ ಮುಗದದ ಹುಡುಗಿಯ ಎಡಬಲಕ್ಕೆ ಕೂರುತ್ತಿದ್ದವರು ಮುಂದಕ್ಕೆ ಸರಿದಿದ್ದರು.

ಒಂದು ಗುರುವಾರ ಆಕೆ ಬಸ್ ನಿಲ್ದಾಣದಲ್ಲಿ ನನಗಾಗಿ ಕಾಯುತ್ತಿದ್ದಳು.

“ಮೇಡಂ, ನಾನ ಹೇಳೇನಿ ಅಂತಾರ್ರಿ ಎಲ್ಲಾರೂ. ನಮ್ಮಪ್ಪ ಮಾಲು ಹಾಕೋದು ಆಕಿ ಕಾಕಾನ ಅಂಗಡ್ಯಾಗ. ಅದಕ್ಕ ನಾನ ಅಂತ. ಶನಿವಾರ ಅರ್ಧ ದಿನ ಕಾಲೇಜ ಮುಗಿಸ್ಕೊಂಡು ಗಾಡಿ ಮ್ಯಾಲೆ ಮುಗದಕ್ಕ ಬರತಾರಂತ. ಅಪ್ಪಗ ಕೇಳತಾರಂತ.”

“ಏನಂತ?”

“ನಿನ್ನ ಮಗಳು ಮಂದಿ ಮನಿ ಹುಡುಗಿ ಬಾಳೇ ಹಾಳ ಮಾಡ್ಯಾಳ ಅಂತ. ಅಪ್ಪ ನನ್ನ ಕಾಲೇಜಿಗೆ ಹಚ್ಚೋ ಮುಂದನ ಹೇಳ್ಯಾರ್ರಿ, ಒಂದು ಮಾತು ಊರಾಗ ಬಂತಂದ್ರ ಅವತ್ತಿಗೆ ಸಾಲಿ ಸಾಕು ಅಂತ. ಖರೇ ಸುಳ್ಳು ಅವರು ಕೇಳಂಗಿಲ್ಲ. ಮಾತು ಬಂದ್ರ ಮುಗೀತು.”

“ನೀ ಹೇಳೀಯೇನು?”

“ಇಲ್ರಿ. ನೀವರ ಅವರಿಗೆ ಹೇಳ್ರಿ, ನಾ ಹೇಳಿಲ್ಲ ಅಂತ.”

“ನಾ ಹೇಳಿದ್ರ ಅದು ಮೂರನೇ ಮನಿಗೆ ಹೋಗತೈತಿ.”

ಅವಳು ನನ್ನ ಮುಖ ನೋಡಿದಳು. “ಹಂಗಾರ ಮೊದಲನೇ ಮನ್ಯಾಗ ಏನ್ ಬರೀಲಿ ಮೇಡಂ? ಮಾಡದಾ ಇದ್ದದ್ದು ಯಾವ ಪುಟದಾಗ ಇರತೈತಿ?”

ಅವಳ ಬಸ್ಸು ಬಂತು. ಚರ್ಚಾಸ್ಪರ್ಧೆಯಲ್ಲಿ ಇಂಥ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ವಿಷಯ ತಿರುಗಿಸಬೇಕು ಎಂದು ನಾನೇ ಕಲಿಸುತ್ತೇನೆ. ತಿರುಗಿಸಲು ಅಲ್ಲಿ ಯಾರೂ ಉಳಿಯಲಿಲ್ಲ.

ಮರುದಿನ ಶುಕ್ರವಾರ. ವರ್ಗದ ಬಾಗಿಲು ಮುಚ್ಚಿತ್ತು. ತಳ್ಳಿದೆ. ಎಲ್ಲರೂ ಕೂತಿದ್ದರು, ಬೆನ್ನು ನೆಟ್ಟಗೆ, ಕೈ ಬೆಂಚಿನ ಮೇಲೆ, ಇನ್‌ಸ್ಪೆಕ್ಷನ್ನಿಗೆ ಕೂತಂತೆ. ಹಲಗೆಯ ಮೇಲೆ ಮೂರು ಮನೆಗಳನ್ನು ಆಗಲೇ ಎಳೆದಾಗಿತ್ತು. ನಾನು ಎಳೆಯುವುದಕ್ಕಿಂತ ನೇರವಾಗಿ. ಮೇಲೆ ಗೋಕುಲ ರಸ್ತೆಯ ಹುಡುಗಿಯ ದುಂಡು ಅಕ್ಷರ: ‘ಪಾತ್ರ: ಮುಗದದಾಕಿ.’ ಪುಟದ ಸಂಖ್ಯೆ ಇರಬೇಕಾದಲ್ಲಿ ವಾರ, ಹೊತ್ತು.

ಆ ಹುಡುಗಿ ಕೊನೆಯ ಬೆಂಚಿನಲ್ಲಿ ಒಬ್ಬಳೇ, ಹಲಗೆಗೆ ಎದುರಾಗಿ ಕೂತಿದ್ದಳು.

“ಇದೇನು?” ಎಂದೆ.

ಗೋಕುಲ ರಸ್ತೆಯ ಹುಡುಗಿ ಎದ್ದಳು. “ನೀವ ಕಲಿಸಿದ್ದು ಮೇಡಂ. ಸುಮ್ನ ಅನ್ನಬಾರದು, ಆಧಾರ ಕೊಡಬೇಕು ಅಂತ. ಕೊಟ್ಟೇವಿ. ಮೂರೂ ಮನಿ ತುಂಬೇವಿ. ತಪ್ಪಿದ್ರ ನೀವ ತೋರಿಸ್ರಿ.”

“ಪುಟ ಹೇಳ್ರಿ ಮೇಡಂ, ಪುಟ,” ಎಂದ ಯಾರೋ ಹಿಂದಿನಿಂದ. ಒಬ್ಬಿಬ್ಬರು ನಕ್ಕರು. ಅದು ಮೊದಲಿನ ನಗೆಯಲ್ಲ.

ಅಳಿಸಿಬಿಡಬಹುದಿತ್ತು. ಡಸ್ಟರು ನನ್ನ ಕೈಯಲ್ಲೇ ಇತ್ತು. ಆದರೆ ಅಳಿಸಿದ್ದು ಅವರ ತಲೆಯಲ್ಲಿ ಹಾಗೇ ಇರುತ್ತಿತ್ತು. ಅದನ್ನು ಹೊತ್ತುಕೊಂಡೇ ಶನಿವಾರ ಮುಗದಕ್ಕೆ ಹೋಗುತ್ತಿದ್ದರು. ನಾನು ಓದತೊಡಗಿದೆ, ಕಾದಂಬರಿ ಓದಿದ ಹಾಗೆಯೇ.

ಮೂರನೇ ಮನೆಯಲ್ಲಿ ಬಹಳ ಇತ್ತು. ಒಳಗೊಳಗ ಹೊಟ್ಟೆಕಿಚ್ಚಿನಾಕಿ. ಯಾರ ಜೊತೆಗೂ ಬೆರೆಯಂಗಿಲ್ಲ. ಎರಡನೆಯದರಲ್ಲಿ ಒಂದೇ ಸಾಲು: ‘ಕೆರಿ ಕಡೆ ಹೋಗೋದು ಛಲೋ ಅಲ್ಲವಾ’ ಅಂತ ಗೆಳತಿಗೆ ಅಂದಿದ್ದಳು.

“ಇದು ಹೌದೇನು?” ಎಂದೆ ಕೊನೆಯ ಬೆಂಚಿನ ಕಡೆ.

“ಅಂದಿದ್ದೆ ರೀ. ಆಕಿಗೇ ಅಂದಿದ್ದೆ. ಮುಂದಾಗೋದರ ಅಂಜಿಕಿ ಬಂದಿತ್ತು.”

ಮೊದಲನೇ ಮನೆಗೆ ಬಂದೆ. ಅಲ್ಲಿ ಅದೇ ದುಂಡು ಅಕ್ಷರದಲ್ಲಿ ಹೀಗಿತ್ತು: ‘ಅಮಾಸಿ ಸಂಜಿಮುಂದ ಅಪ್ಪ ಮಾಲು ಹೇರಿಕೊಂಡು ಬಂದಾಗ ಇವಳೂ ಅಂಗಡಿಗೆ ಬಂದಳು. ಕೆರಿ ವಿಷಯ ಹೇಳಿದಳು. ಕಾಕಾ ಒಡೆದ ಕಾಯಿಯ ಎರಡು ಹೋಳು ಕೈಯಾಗ ಹಂಗ ಹಿಡಕೊಂಡು ನಿಂತ. ಕಾಯಿ ನೀರು ಗಾದಿ ಮ್ಯಾಲೆ ಸೋರತಿತ್ತು.’

ಓದಿ ಮುಗಿಸಿ, ಆ ಸಾಲನ್ನು ಮೊದಲಿನಿಂದ ಇನ್ನೊಮ್ಮೆ ಓದಿದೆ. ಉಳಿದ ಸಾಲುಗಳೆಲ್ಲ ಜಗಳದ ಮಾತು. ಇದೊಂದು ಬರವಣಿಗೆಯಾಗಿತ್ತು. ಕಾಯಿ ನೀರು ಸೋರುವುದನ್ನು ಯಾರೂ ಸುಮ್ಮನೆ ಕಲ್ಪಿಸಿಕೊಳ್ಳುವುದಿಲ್ಲ.

“ಅಮಾಸಿ ಅಂದ್ರ ಯಾವ ಅಮಾಸಿ?” ಎಂದೆ.

“ಮೊನ್ನಿಂದು ರೀ,” ಎಂದಳು ಗೋಕುಲ ರಸ್ತೆಯ ಹುಡುಗಿ. “ಆಕೀನ್ನ ಕರಕೊಂಡು ಹೋದ ಹಿಂದಿನ ದಿನ.”

ಕೊನೆಯ ಬೆಂಚಿನಿಂದ ಸಣ್ಣ ದನಿ ಬಂತು. “ಅದು ಮಣ್ಣೆತ್ತಿನ ಅಮಾಸಿ ರೀ.”

ಹಳ್ಳಿಗಳಿಂದ ಬರುವ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಣ್ಣಿನ ಎತ್ತು ಮಾಡಿ ಪೂಜಿಸುವ ದಿನ ರೈತರ ಮನೆಯಲ್ಲಿ ಎತ್ತಿನ ಹೆಗಲ ಮೇಲೆ ನೊಗ ಏರುವುದಿಲ್ಲ. ಟ್ರ್ಯಾಕ್ಟರು ಇರುವವರು ಕೂಡ ಮಾಲು ಹೇರಿಕೊಂಡು ಮಾರ್ಕೆಟಿಗೆ ಹೋಗುವುದಿಲ್ಲ. ಅಂಗಡಿಯವರಿಗೆ ಎಲ್ಲ ಅಮಾವಾಸ್ಯೆಯೂ ಒಂದೇ: ಸಂಜೆ ವ್ಯಾಪಾರಿ ಕೂರುವ ಗಾದಿಗೆ ಪೂಜೆ, ಕಾಯಿ, ಊದಿನಕಡ್ಡಿ, ಪಕ್ಕದ ಅಂಗಡಿಯವರನ್ನು ಕರೆದು ಪ್ರಸಾದ. ಆ ಸಾಲನ್ನು ಬರೆದವರಿಗೆ ಅಮಾವಾಸ್ಯೆ ಎಂದರೆ ಅಂಗಡಿ ಮಾತ್ರ ಕಂಡಿತ್ತು.

“ಯಾವ ರೈತ ಬರತಾನ ಅವತ್ತು?” ಎಂದ ಒಬ್ಬ ಹುಡುಗ, ಮೆಲ್ಲಗೆ. “ನಮ್ಮಪ್ಪ ಅಂತೂ ಹೊಸ್ತಲಾ ದಾಟಲಿಲ್ಲ.”

“ಹಂಗಾರ ಈ ಸಾಲು ಬಿತ್ತು,” ಎಂದೆ. “ಮೊದಲನೇ ಮನಿ ಖಾಲಿ. ಮೊದಲನೇದು ಖಾಲಿ ಇದ್ರ ಏನಂತೇವಿ?”

“ಅಭಿಪ್ರಾಯ, ನಿರ್ಣಯ ಅಲ್ಲ,” ಎಂದರು ಹಲವರು, ಪಾಠ ಒಪ್ಪಿಸುವ ಹಾಗೆ.

ಅಲ್ಲಿಗೆ ನಿಲ್ಲಿಸಿದ್ದೆ. ಖಂಡಿತ ನಿಲ್ಲಿಸಿದ್ದೆ. ಡಸ್ಟರು ಎತ್ತಿದ್ದೆ ಕೂಡ. ಆದರೆ ಅವರು ನಿಲ್ಲಿಸಲಿಲ್ಲ. ಮುಂದಿನ ಬೆಂಚಿನ ಹುಡುಗ, ಅಂದು ದೊಡ್ಡ ಮಗನನ್ನು ಕಳ್ಳ ಎಂದವನೇ, ಹಲಗೆಯ ಕೆಳಭಾಗಕ್ಕೆ ಕಣ್ಣು ನೆಟ್ಟು, ಅಮಾವಾಸ್ಯೆಯ ದಿನ ನಾನು ಬರೆದ ಪ್ರಶ್ನೆಯನ್ನು ನೆನಪಿನಿಂದ ಹೇಳಿದ.

“ಮೇಡಂ, ಕಾಯಿ ನೀರು ಸೋರಿದ್ದು ಹೇಳಿದವರು ಎಲ್ಲಿ ನಿಂತಿದ್ರು?”

ಗೋಕುಲ ರಸ್ತೆಯ ಹುಡುಗಿ ಆ ಪಾಠದ ದಿನ ಇರಲಿಲ್ಲ. ಅವಳಿಗೆ ಆ ಪ್ರಶ್ನೆ ಹೊಸದು. ಆದರೂ ಅವಳೇ ಎಲ್ಲರಿಗಿಂತ ಮೊದಲು ಅದನ್ನು ಅರ್ಥ ಮಾಡಿಕೊಂಡಳು. ಬಿರುಕು ಹುಡುಕುವ ಕಣ್ಣು ಅದು. ನಿಂತಿದ್ದವಳು ಕೂತಳು. ಉಳಿದವರು ಒಬ್ಬೊಬ್ಬರಾಗಿ ತಿರುಗಲಿಲ್ಲ. ಎಲ್ಲರೂ ಒಟ್ಟಿಗೆ ತಿರುಗಿದರು. ಬೆಂಚುಗಳು ಒಮ್ಮೆ ಕಿರ್ರೆಂದವು, ಅಷ್ಟೇ. ಇಷ್ಟು ಹೊತ್ತು ಕೊನೆಯ ಬೆಂಚಿನ ಮೇಲಿದ್ದ ಅದೇ ನೋಟ, ಒಂದಿಷ್ಟೂ ಬದಲಾಗದೆ, ಕಿಟಕಿಯ ಪಕ್ಕಕ್ಕೆ ಬಂದು ನಿಂತಿತು.

“ನಿಮ್ಮಪ್ಪಂದು ಆಕಿ ಕಾಕಾನ ಬಾಜೂ ಅಂಗಡಿ ಹೌದಲ್ಲೋ?” ಎಂದಳು ಒಬ್ಬಳು.

“ಅವತ್ತ ನೀ ರಜಾ ಹಾಕಿದ್ದಿ,” ಎಂದಳು ಇನ್ನೊಬ್ಬಳು. “ಪೂಜಾ ಐತಿ ಅಂದಿದ್ದಿ.”

“ಸಾಕು,” ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. “ಇದು ಒಂದ ಪುಟ. ಆಕಿಗೆ ಬ್ಯಾರೇದವರು ಹೇಳಿರಬಹುದು. ಪೂಜಾಕ್ಕ ಹೋದವರು ಆಕಿ ಒಬ್ಬಾಕೀನ ಏನು? ಆಕಿ ಅಲ್ಲಿದ್ಲು ಅಂದ್ರ ಆಕೀನ ಹೇಳಿದ್ಲು ಅಂತ ಹೆಂಗಾತು?”

“ಇನ್ನೆರಡು ತರತೇವಿ ಬಿಡ್ರಿ ಮೇಡಂ,” ಎಂದ ಆ ಹುಡುಗ. ಬೆದರಿಕೆಯ ದನಿಯಲ್ಲ. ಮನೆಗೆಲಸ ಒಪ್ಪಿಕೊಂಡವನ ದನಿ.

ನಾನು ಹಲಗೆ ಒರೆಸಿದೆ. ಮೂರು ಮನೆಗಳ ಗೆರೆ ಬಹಳ ಒತ್ತಿ ಎಳೆದದ್ದು, ಪೂರ್ತಿ ಹೋಗಲಿಲ್ಲ.

ಶನಿವಾರ ಯಾರೂ ಮುಗದಕ್ಕೆ ಹೋಗಲಿಲ್ಲ. ಆ ಅಪ್ಪನ ಹೊಸ್ತಿಲವರೆಗೆ ಯಾವ ಮಾತೂ ತಲುಪಲಿಲ್ಲ. ಅವಳ ಕಾಲೇಜು ಉಳಿಯಿತು. ಇದನ್ನು ಹಿರಿಯರಿಗೆ ಹೇಳಿದಾಗ ಅವರು ಕನ್ನಡಕ ಒರೆಸುತ್ತ, “ಗೆದ್ದಿ ಅಂದಂಗಾತು,” ಎಂದರು. ಆಮೇಲೆ, “ಕೆರಿ ವಿಷಯ ಯಾರು ಹೇಳಿದ್ದು, ಗೊತ್ತಾತೇನು?” ಎಂದರು.

“ಇಲ್ರಿ.”

“ನಿನಗ ಏನನ್ನಸ್ತದ?”

ಒಂದೇ ಪುಟ ಇರುವಾಗ ಅನ್ನಿಸುವುದನ್ನು ಬಾಯಿ ಬಿಟ್ಟು ಹೇಳಬಾರದು ಎಂದು ನಾನು ಈಗಲೂ ವಾದಿಸುತ್ತೇನೆ. ಅವಳು ಹೇಳಿರಬಹುದು, ಬಾಯಿ ತಪ್ಪಿ. ಅವಳ ಅಪ್ಪ ಹೇಳಿ ಅವಳು ನೋಡುತ್ತ ನಿಂತಿರಬಹುದು. ಯಾರೋ ಹೇಳಿದ್ದನ್ನು ಮನೆಯಲ್ಲಿ ಕೇಳಿಸಿಕೊಂಡು, ಅದನ್ನು ಹೊರಲಾರದೆ ಇನ್ನೊಬ್ಬಳ ಹೆಗಲಿಗೆ ಹಾಕಿರಬಹುದು. ಗೆಳತಿ ಹೋದ ಮೇಲೆ ಅವಳು ಕಿಟಕಿಯ ಛತ್ರಿಯನ್ನು ಒಮ್ಮೆಯೂ ಮುಟ್ಟಲಿಲ್ಲ; ಅದು ತಪ್ಪಿನ ಗುರುತೋ ದುಃಖದ ಗುರುತೋ, ಎರಡೂ ಕಡೆ ವಾದಿಸಿ ಪಾರಿತೋಷಕ ತರಬಲ್ಲೆ. ಛತ್ರಿಯ ಹುಡುಗಿಯ ಸುದ್ದಿ ಮಾತ್ರ ಬರಲಿಲ್ಲ. ನಮ್ಮ ಇಷ್ಟೆಲ್ಲ ಆಧಾರ, ವಾದ, ಮನೆಗಳಲ್ಲಿ ಅವಳು ಎಲ್ಲಿದ್ದಾಳೆ ಎಂದು ಕೇಳಿದವರು ಕಡಿಮೆ.

ಸೋಮವಾರ ವರ್ಗಕ್ಕೆ ಹೋದೆ. ಮುಗದದ ಹುಡುಗಿ ಬಂದಿದ್ದಳು. ಅವಳ ಎಡಬಲಕ್ಕೆ ಮತ್ತೆ ಇಬ್ಬರು ಕೂತಿದ್ದರು. ಒಬ್ಬಳು ಅವಳ ಪುಸ್ತಕದಲ್ಲಿ ಬಗ್ಗಿ ಏನೋ ಕೇಳುತ್ತಿದ್ದಳು. ಕಿಟಕಿಯ ಬೆಂಚಿನಲ್ಲಿ ಗೋಕುಲ ರಸ್ತೆಯ ಹುಡುಗಿ ಒಬ್ಬಳೇ. ಅವಳ ಮುಂದಿನ ಬೆಂಚು ಖಾಲಿ, ಹಿಂದಿನದೂ ಖಾಲಿ. ಮುಗದದ ಹುಡುಗಿ ಒಮ್ಮೆ ಆ ಕಡೆ ನೋಡಿದಳು. ಏಳುತ್ತಾಳೇನೋ ಅನ್ನಿಸಿತು. ಅವಳು ಪುಟ ತಿರುವಿದಳು.

ಬಹಳ ದಿನಗಳ ಮೇಲೆ ವರ್ಗ ಗೆಲುವಾಗಿತ್ತು. ಎಲ್ಲರ ಮುಂದೆಯೂ ಪುಸ್ತಕ ತೆರೆದಿತ್ತು. ನಾನು ಸೀಮೆಸುಣ್ಣ ಹುಡುಕುತ್ತಿದ್ದಾಗ, ಮುಂದಿನ ಬೆಂಚಿನಿಂದ ಹಳೆಯ ಕೂಗು ಬಂತು.

“ಇವತ್ತ ಯಾರ್ರಿ ಮೇಡಂ?”